ಗಲ್ಫಿನ 2,000 ದಿರ್ಹಮಿಗೆ ಊರಿನಲ್ಲಿ ಎಷ್ಟು ಬೆಲೆ? ಶ್ರೀಮಂತ ದೇಶ, ಬಡ ದೇಶಗಳ ಅಂತರ ಅಳೆಯುವ ಬಗ್ಗೆ

ಕುಂಬಳೆ ಓದುಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಂಥಾಲಯದಲ್ಲಿ ಹತ್ತನೇ ಕ್ಲಾಸು ಮತ್ತು ಪ್ಲಸ್ ಟು ಮಕ್ಕಳಿಗೆ ಎರಡು ಗಂಟೆಯ ತರಗತಿ ಇಟ್ಟುಕೊಂಡಿದ್ದೇವೆ. ಶ್ರೀಮಂತ ದೇಶಗಳಿಗೂ ಬಡ ದೇಶಗಳಿಗೂ ಬದುಕಿನ ಮಟ್ಟದಲ್ಲಿ ಎಷ್ಟು ಅಂತರ ಇದೆ, ಅದನ್ನು ಅಳೆಯುವುದು ಹೇಗೆ ಎಂಬುದು ವಿಷಯ. ಗಲ್ಫಿನ ನಂಟೇ ಇಲ್ಲದ ಮನೆ ನಮ್ಮ ಕಾಸರಗೋಡಿನ ಕಡೆ ಕಡಿಮೆ. ಹಾಗಾಗಿ ಮಕ್ಕಳು ಮೊದಲು ಕೇಳುವುದು ಯುಎಇಯ ನಾಣ್ಯವಾದ ದಿರ್ಹಮಿನ ಲೆಕ್ಕವನ್ನೇ.

ತಯಾರಿಯಲ್ಲಿ ಕೆಲವು ಕಡೆ ತೊಡಕಾಗಿದೆ. ಭಾರತದ ತಲಾ ಜಿಡಿಪಿ (ದೇಶದ ವರ್ಷದ ಒಟ್ಟು ಉತ್ಪಾದನೆಯನ್ನು ಜನಸಂಖ್ಯೆಯಿಂದ ಭಾಗಿಸಿದ್ದು) ಒಂದು ಪಟ್ಟಿಯಲ್ಲಿ ಸುಮಾರು 2,500 ಡಾಲರ್, ಇನ್ನೊಂದರಲ್ಲಿ ಸುಮಾರು 10,000 ಡಾಲರ್ ಎಂದಿದೆ. ಯಾವುದು ಸರಿ? ವಿಶ್ವ ಬ್ಯಾಂಕಿನ ಬಡತನದ ಗೆರೆ ದಿನಕ್ಕೆ 3 ಡಾಲರ್ ಅಂತೆ. ಡಾಲರಿಗೆ 85 ರೂಪಾಯಿ ಹಿಡಿದು ಗುಣಿಸಿದರೆ 255 ರೂಪಾಯಿ, ನಾಲ್ಕು ಜನರ ಮನೆಗೆ ತಿಂಗಳಿಗೆ 30,000 ದಾಟುತ್ತದೆ. ಅದಕ್ಕಿಂತ ಕಡಿಮೆ ಇರುವವರೆಲ್ಲ ಕಡುಬಡವರು ಎಂದರೆ ಭಾರತದಲ್ಲಿ ಕಡುಬಡವರು ಶೇ. 5.3 ಮಾತ್ರ ಎಂದು ಅದೇ ಬ್ಯಾಂಕು ಹೇಳುವುದು ಹೇಗೆ? ತಿಂಗಳಿಗೆ 2,000 ದಿರ್ಹಮ್ ದುಡಿಯುವವನ ನಿಜವಾದ ಸಂಪಾದನೆ ಎಷ್ಟೆಂದು ಮಕ್ಕಳಿಗೆ ಹೇಗೆ ತೋರಿಸಲಿ? ಕೊನೆಗೆ, ಈ ಅಂತರ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ? ಎರಡೂ ಮಾತನ್ನು ಬಲವಾಗಿ ಹೇಳುವವರಿದ್ದಾರೆ.

ಬೋರ್ಡಿನ ಮೇಲೆ ಬರೆದು ತೋರಿಸಬಹುದಾದ ಲೆಕ್ಕ ಬೇಕು. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಬೆಲೆಪಟ್ಟಿ ಉತ್ತರಿಸಿದ್ದು:

ಮಾಷ್ಟ್ರೇ, 2,500 ಮತ್ತು 10,000 ಎರಡೂ ಸರಿ. ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರ, ಅಷ್ಟೇ.

ವಿನಿಮಯ ದರ ಹುಟ್ಟುವುದು ಗಡಿ ದಾಟುವ ಸಾಮಾನು ಮತ್ತು ಹಣದಿಂದ. ಪೆಟ್ರೋಲು, ಮೊಬೈಲು, ಬಂಗಾರ, ಗೋಡಂಬಿ ಇವೆಲ್ಲ ಹಡಗು ಹತ್ತುತ್ತವೆ. ಕ್ಷೌರ, ಆಟೋ ಬಾಡಿಗೆ, ಅಡಿಕೆ ಸುಲಿಯುವ ಕೂಲಿ, ಮನೆ ಬಾಡಿಗೆ ಹತ್ತುವುದಿಲ್ಲ. ಬಡ ದೇಶದಲ್ಲಿ ಅಗ್ಗವಾಗಿರುವುದು ಹೀಗೆ ಗಡಿ ದಾಟದವುಗಳೇ. ಕಾರಣವನ್ನು 1964ರಲ್ಲಿ ಬಲಾಸಾ ಮತ್ತು ಸ್ಯಾಮ್ಯುವೆಲ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ವಿವರಿಸಿದರು. ಶ್ರೀಮಂತ ದೇಶದ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಗಂಟೆಗೆ ಬಹಳ ಹೆಚ್ಚು ಸರಕು ತಯಾರಿಸುತ್ತಾನೆ, ಅವನ ಸಂಬಳ ಏರುತ್ತದೆ. ಕ್ಷೌರಿಕನ ಕತ್ತರಿ ಅಲ್ಲೂ ಇಲ್ಲೂ ಒಂದೇ ವೇಗದ್ದು. ಆದರೆ ಅಲ್ಲಿ ಅವನಿಗೆ ಹೆಚ್ಚು ಕೊಡದಿದ್ದರೆ ಅವನೂ ಕಾರ್ಖಾನೆಯ ಕಡೆ ಹೋಗುತ್ತಾನೆ. ಹಾಗಾಗಿ ಅಲ್ಲಿ ಕ್ಷೌರವೂ ದುಬಾರಿ. ಇದನ್ನು ಗಮನಿಸದೆ ನಮ್ಮ ರೂಪಾಯಿಯನ್ನು ವಿನಿಮಯ ದರದಲ್ಲಿ ಡಾಲರಿಗೆ ತಿರುಗಿಸಿದರೆ ನಾವು ಇರುವುದಕ್ಕಿಂತ ಬಡವರಾಗಿ ಕಾಣುತ್ತೇವೆ.

ಇದನ್ನು ಸರಿಪಡಿಸಲು ದೇಶ ದೇಶಗಳ ಬೆಲೆಗಳನ್ನು ಹೋಲಿಸುವ ಕೆಲಸ 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಈಗ ಅದನ್ನು ವಿಶ್ವ ಬ್ಯಾಂಕು ನಡೆಸುತ್ತದೆ. 2021ರ ಸುತ್ತಿನಲ್ಲಿ 176 ಅರ್ಥವ್ಯವಸ್ಥೆಗಳಿದ್ದವು. ಅದರಿಂದ ಬರುವ ದರವೇ ಪಿಪಿಪಿ, ಅಂದರೆ ಕೊಳ್ಳುವ ಶಕ್ತಿಯ ದರ. ಭಾರತದ ಅಂಕಿ ನೋಡಿ: 2011ರಲ್ಲಿ ವಿನಿಮಯ ದರ ಡಾಲರಿಗೆ 46.67 ರೂಪಾಯಿ, ಪಿಪಿಪಿ 15.55. 2017ರಲ್ಲಿ ವಿನಿಮಯ ದರ 65.12, ಪಿಪಿಪಿ 20.65. ಎರಡನೆಯ ಜೋಡಿಯನ್ನು ಭಾಗಿಸಿದರೆ 0.32. ಅಮೆರಿಕದಲ್ಲಿ 100 ರೂಪಾಯಿಗೆ ಸಮನಾದ ಡಾಲರ್ ಕೊಟ್ಟು ಕೊಳ್ಳುವ ಬುಟ್ಟಿ ಇಲ್ಲಿ ಸರಾಸರಿ 32 ರೂಪಾಯಿಗೆ ಸಿಗುತ್ತದೆ ಎಂದರ್ಥ.

ಅಮೆರಿಕದ ತಲಾ ಜಿಡಿಪಿ ಸುಮಾರು 82,000 ಡಾಲರ್ (2023). ವಿನಿಮಯ ದರದಲ್ಲಿ ನೋಡಿದರೆ ಅದು ಭಾರತದ 33 ಪಟ್ಟು, ಪಿಪಿಪಿಯಲ್ಲಿ 8 ಪಟ್ಟು. ಇಷ್ಟು ದೊಡ್ಡ ವ್ಯತ್ಯಾಸ ಬರುವುದರಿಂದ ಯಾವ ದರ ಹಿಡಿದೆವು ಎಂದು ಹೇಳದೆ "ಇಷ್ಟು ಪಟ್ಟು" ಎನ್ನುವ ವಾಕ್ಯಕ್ಕೆ ಅರ್ಥವೇ ಇಲ್ಲ. ಮಕ್ಕಳಿಗೆ ಇದೊಂದು ಅಭ್ಯಾಸ ಹತ್ತಿದರೂ ತರಗತಿ ಸಾರ್ಥಕ.

ಯಾವಾಗ ಯಾವುದು? ಜನ ಏನು ತಿಂದರು, ಎಂಥ ಮನೆಯಲ್ಲಿದ್ದರು ಎಂಬ ಪ್ರಶ್ನೆಗೆ ಪಿಪಿಪಿ. ಹೊರಗಿನಿಂದ ಕೊಳ್ಳುವುದಕ್ಕೆ, ಅಂದರೆ ಕಚ್ಚಾ ತೈಲ, ಆಸ್ಪತ್ರೆಯ ಯಂತ್ರ, ವಿದೇಶದ ಕಾಲೇಜು ಫೀಸು, ಡಾಲರ್ ಸಾಲದ ಕಂತು, ಇವಕ್ಕೆಲ್ಲ ವಿನಿಮಯ ದರವೇ. 2022ರಲ್ಲಿ ಶ್ರೀಲಂಕಾಕ್ಕೆ ಏನಾಯಿತೆಂದು ನೆನಪಿಸಿ. ಪಿಪಿಪಿಯಲ್ಲಿ ಆ ದೇಶ ಭಾರತಕ್ಕಿಂತ ಮೇಲಿತ್ತು. ಖಜಾನೆಯಲ್ಲಿ ಡಾಲರ್ ಮುಗಿದಾಗ ಪೆಟ್ರೋಲಿಗೆ, ಗ್ಯಾಸಿಗೆ, ಔಷಧಿಗೆ ಜನ ಸಾಲು ನಿಲ್ಲಬೇಕಾಯಿತು. ಹಡಗಿನವನು ಪಿಪಿಪಿ ಡಾಲರ್ ತೆಗೆದುಕೊಳ್ಳುವುದಿಲ್ಲ.

ಇನ್ನು 3 ಡಾಲರಿನ ಗೆರೆ. ನಿಮ್ಮ 255 ರೂಪಾಯಿ ತಪ್ಪು, ಇದು ಪತ್ರಿಕೆಗಳಲ್ಲೂ ಮತ್ತೆ ಮತ್ತೆ ಕಾಣುವ ತಪ್ಪು. ಆ 3 ಡಾಲರ್ 2021ರ ಪಿಪಿಪಿ ಡಾಲರ್. ಅದನ್ನು 85ರಿಂದಲ್ಲ, ಸುಮಾರು 20ರಿಂದ ಗುಣಿಸಬೇಕು. 2021ರ ಬೆಲೆಯಲ್ಲಿ ತಲೆಗೆ ದಿನಕ್ಕೆ ಸುಮಾರು 60 ರೂಪಾಯಿ. ಅದರ ಮೇಲೆ 2021ರಿಂದ ಈಚೆಗಿನ ಬೆಲೆ ಏರಿಕೆಯನ್ನು ಗ್ರಾಹಕ ಬೆಲೆ ಸೂಚ್ಯಂಕದಿಂದ ಸೇರಿಸಿ. ನಾಲ್ಕು ಜನರ ಮನೆಗೆ 2021ರ ಬೆಲೆಯಲ್ಲಿ ತಿಂಗಳಿಗೆ ಸುಮಾರು 7,200 ರೂಪಾಯಿ, ಅಕ್ಕಿ, ಬಾಡಿಗೆ, ಬಸ್ಸು, ಔಷಧಿ ಎಲ್ಲ ಸೇರಿ. ಈಗ ಹೇಳಿ, ಶೇ. 5.3 ಎಂಬ ಅಂಕಿ ಸಣ್ಣದಾಗಿ ಕಂಡದ್ದು ಜನ ಚೆನ್ನಾಗಿದ್ದಾರೆ ಎಂಬುದಕ್ಕೋ, ಗೆರೆ ಅಷ್ಟು ಕೆಳಗಿದೆ ಎಂಬುದಕ್ಕೋ? ನನ್ನ ಪ್ರಕಾರ ಎರಡೂ ಸೇರಿವೆ, ಎರಡನೆಯದನ್ನು ಮಕ್ಕಳಿಂದ ಮುಚ್ಚಿಡಬಾರದು. ಈ ಗೆರೆ ಅತಿ ಬಡ ದೇಶಗಳು ತಮ್ಮಲ್ಲೇ ಹಾಕಿಕೊಂಡ ಗೆರೆಗಳ ಮಧ್ಯಾಂಕದಿಂದ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಬಂದದ್ದು. ಭಾರತದಂಥ ಕೆಳಮಧ್ಯಮ ಆದಾಯದ ದೇಶಗಳಿಗೆ ಅದೇ ಬ್ಯಾಂಕು 4.20 ಡಾಲರಿನ ಗೆರೆಯನ್ನೂ, ಮೇಲ್ಮಧ್ಯಮ ದೇಶಗಳಿಗೆ 8.30ರ ಗೆರೆಯನ್ನೂ ಇಟ್ಟಿದೆ.

ಇನ್ನೊಂದು ಎಚ್ಚರಿಕೆ. ಗೆರೆ 2015ರಲ್ಲಿ 1.90 ಆಯಿತು, 2022ರಲ್ಲಿ 2.15, ಜೂನ್ 2025ರಲ್ಲಿ 3.00. ಪ್ರತಿ ಸಲವೂ ಆಧಾರ ವರ್ಷ ಬೇರೆ (2011, 2017, 2021). ಒಂದು ಗೆರೆಯ ಹಳೆಯ ಅಂಕಿಯ ಪಕ್ಕ ಇನ್ನೊಂದು ಗೆರೆಯ ಹೊಸ ಅಂಕಿ ಇಟ್ಟು "ಇಷ್ಟು ಇಳಿಯಿತು" ಎನ್ನಬಾರದು. 3.00ರ ಗೆರೆಯಲ್ಲೇ ನೋಡಿದರೆ ಭಾರತದ್ದು 2011-12ರಲ್ಲಿ ಶೇ. 27.1, 2022-23ರಲ್ಲಿ ಶೇ. 5.3. ಇಲ್ಲೂ ಒಂದು ಮಾತಿದೆ. 2022-23ರ ಮನೆವಾರು ಖರ್ಚಿನ ಸಮೀಕ್ಷೆಯಲ್ಲಿ ಪ್ರಶ್ನೆ ಕೇಳುವ ಕ್ರಮವೇ ಬದಲಾಗಿತ್ತು. ಸಾಮಾನುಗಳನ್ನು ಮೂರು ಪಟ್ಟಿ ಮಾಡಿ, ಬೇರೆ ಬೇರೆ ಭೇಟಿಗಳಲ್ಲಿ ಕೇಳಿದರು. ಹಾಗೆ ಕೇಳಿದಾಗ ಜನ ಮರೆಯುವುದು ಕಡಿಮೆ, ಖರ್ಚು ಹೆಚ್ಚು ದಾಖಲಾಗುತ್ತದೆ. ಬಡತನ ಇಳಿದದ್ದು ನಿಜ. ಆ ಇಳಿಕೆಯಲ್ಲಿ ಒಂದು ಪಾಲು ಪ್ರಶ್ನಾವಳಿಯದ್ದು.

ಚಂದ್ರಗಿರಿ ಬದಿ ಉತ್ತರಿಸಿದ್ದು:

ದಿರ್ಹಮಿನ ಲೆಕ್ಕ ನಾನು ಕೊಡುತ್ತೇನೆ. ಮಕ್ಕಳಿಂದಲೇ ಒಂದು ಪುಟ್ಟ ಪಿಪಿಪಿ ಮಾಡಿಸಿ, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಕೆಳಗಿನವು ಲೆಕ್ಕ ತೋರಿಸಲು ಹಿಡಿದ ಬೆಲೆಗಳು. ತರಗತಿಗೆ ಮುಂಚೆ ಮಕ್ಕಳು ಅಲ್ಲಿರುವ ಮಾಮ, ಅಣ್ಣಂದಿರಿಗೆ ವಾಟ್ಸಪ್ ಮಾಡಿ ನಿಜವಾದ ಬೆಲೆ ತರಿಸಲಿ.

ಕ್ಷೌರ: ಇಲ್ಲಿ 120 ರೂಪಾಯಿ, ಅಲ್ಲಿ 20 ದಿರ್ಹಮ್. ದಿರ್ಹಮಿಗೆ 6 ರೂಪಾಯಿ.
ಅಕ್ಕಿ, ಕಿಲೋ: ಇಲ್ಲಿ 50, ಅಲ್ಲಿ 5. ದಿರ್ಹಮಿಗೆ 10.
ಮೊಬೈಲು: ಇಲ್ಲಿ 15,000, ಅಲ್ಲಿ 600. ದಿರ್ಹಮಿಗೆ 25.
ಒಂದು ಕೋಣೆಯ ಮನೆಯ ಬಾಡಿಗೆ: ಇಲ್ಲಿ 6,000, ಅಲ್ಲಿ 3,000. ದಿರ್ಹಮಿಗೆ 2.

ಮಾರುಕಟ್ಟೆ ದರ ದಿರ್ಹಮಿಗೆ 23 ರೂಪಾಯಿ ಎಂದಿಟ್ಟುಕೊಳ್ಳಿ. ಗಡಿ ದಾಟುವ ಮೊಬೈಲಿನ ದರ ಅದರ ಹತ್ತಿರಕ್ಕೇ ಬಂತು, ದಾಟದ ಬಾಡಿಗೆ ಎಷ್ಟೋ ದೂರ ಉಳಿಯಿತು. ಮೇಲೆ ಹೇಳಿದ ಮಾತು ಮಕ್ಕಳ ಕಣ್ಣೆದುರೇ ಬಂದಂತಾಯಿತು.

ಈಗ ನಾಲ್ಕನ್ನೂ ಒಂದಾಗಿಸಬೇಕು. ಎಲ್ಲರೂ ಮೊದಲು ಕೂಡಿಸಿ ನಾಲ್ಕರಿಂದ ಭಾಗಿಸುತ್ತಾರೆ: 43 ÷ 4 = 10.75. ತಪ್ಪು ಎಲ್ಲಿದೆ ಎಂದು ತೋರಿಸಲು ಅದೇ ಲೆಕ್ಕವನ್ನು ತಿರುಗಿಸಿ ಮಾಡಿಸಿ, ಅಂದರೆ ರೂಪಾಯಿಗೆ ಎಷ್ಟು ದಿರ್ಹಮ್ ಎಂದು: 1/6, 1/10, 1/25, 1/2. ಇವುಗಳ ಸರಾಸರಿ 0.2017. ಅದನ್ನು ಮತ್ತೆ ತಿರುಗಿಸಿದರೆ ದಿರ್ಹಮಿಗೆ 4.96 ರೂಪಾಯಿ. ಒಂದು ಕಡೆಯಿಂದ 10.75, ಇನ್ನೊಂದು ಕಡೆಯಿಂದ 4.96! ಆದ್ದರಿಂದ ಇಲ್ಲಿ ಗುಣೋತ್ತರ ಮಾಧ್ಯವೇ ಬೇಕು. ನಾಲ್ಕನ್ನೂ ಗುಣಿಸಿದರೆ 3,000, ಅದರ ನಾಲ್ಕನೇ ಮೂಲ 7.40. ಇದು ಯಾವ ಕಡೆಯಿಂದ ಮಾಡಿದರೂ ಒಂದೇ. ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಕು.

ಇಷ್ಟಕ್ಕೆ ಮುಗಿಯಲಿಲ್ಲ. ಕ್ಷೌರಕ್ಕೂ ಬಾಡಿಗೆಗೂ ಒಂದೇ ತೂಕ ಕೊಡಲಾಗದು. ಇಲ್ಲಿನ ಖರ್ಚಿನಲ್ಲಿ ಕ್ಷೌರದಂಥ ಸೇವೆಗೆ ಶೇ. 5, ಆಹಾರಕ್ಕೆ 55, ಮೊಬೈಲಿನಂಥ ಸಾಮಾನಿಗೆ 15, ಬಾಡಿಗೆಗೆ 25 ಎಂದಿಟ್ಟುಕೊಳ್ಳಿ. ಅಲ್ಲಿ 5, 25, 15, 55. ಇಲ್ಲಿಯ ತೂಕ ಮಾತ್ರ ಹಿಡಿದರೆ ದರ ಒಂದು ಕಡೆ ವಾಲುತ್ತದೆ, ಅಲ್ಲಿಯದನ್ನು ಮಾತ್ರ ಹಿಡಿದರೆ ಇನ್ನೊಂದು ಕಡೆ. ಎರಡರ ಸರಾಸರಿ ತೂಕ 5, 40, 15, 40. ಪ್ರತಿ ದರದ ಲಾಗ್ ತೆಗೆದು ಆ ತೂಕದಿಂದ ಗುಣಿಸಿ, ಕೂಡಿಸಿ, ಹಿಂದಕ್ಕೆ ತಂದರೆ ಸುಮಾರು 5.9.

ಇನ್ನು 2,000 ದಿರ್ಹಮ್ ಸಂಬಳಕ್ಕೆ ಬನ್ನಿ. ಅಷ್ಟನ್ನೂ 23ರಿಂದ ಗುಣಿಸಿದರೆ 46,000 ರೂಪಾಯಿ. ಊರಿನಲ್ಲಿ ಎಲ್ಲರೂ ಮಾಡುವ ಲೆಕ್ಕ ಇದೇ. ಅಷ್ಟನ್ನೂ ಅಲ್ಲೇ ಖರ್ಚು ಮಾಡಿದರೆ 2,000 × 5.9 = 11,800, ಅಂದರೆ ಇಲ್ಲಿ 11,800 ರೂಪಾಯಿಯಲ್ಲಿ ಆಗುವಷ್ಟೇ ಬದುಕು. ನಿಜ ಎರಡರ ನಡುವೆ ಇದೆ. ಅಲ್ಲಿ 700 ಖರ್ಚಾಗಿ 1,300 ಮನೆಗೆ ಬಂದರೆ, ಬಂದ 1,300ಕ್ಕೆ ಮಾರುಕಟ್ಟೆ ದರ (29,900), ಅಲ್ಲಿ ಉಳಿದ 700ಕ್ಕೆ ಪಿಪಿಪಿ (4,130). ಒಟ್ಟು ಸುಮಾರು 34,000.

ಮನೆಗೆ ಕಳಿಸಿದ ಹಣವನ್ನು ಪಿಪಿಪಿಯಿಂದ ಮತ್ತೊಮ್ಮೆ ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು. ಅದು ಆಗಲೇ ರೂಪಾಯಿಯಾಗಿ ಇಲ್ಲಿನ ಬೆಲೆಗೇ ಖರ್ಚಾಗುತ್ತದೆ. ದುಬಾರಿ ದೇಶದಲ್ಲಿ ದುಡಿದು ಅಗ್ಗದ ದೇಶದಲ್ಲಿ ಖರ್ಚು ಮಾಡುವುದು, ಗಲ್ಫಿನ ಆರ್ಥಿಕತೆ ನಮ್ಮ ಮನೆಗಳಿಗೆ ಕೊಟ್ಟದ್ದು ಇದನ್ನೇ.

ಉಪ್ಪಳ ಪೇಟೆ ಉತ್ತರಿಸಿದ್ದು:

ಚಂದ್ರಗಿರಿ ಬದಿಯವರ ಲೆಕ್ಕದ ದಾರಿ ಸರಿ, ಆದರೆ ಬಾಡಿಗೆಯ ಸಾಲು ಸರಿಯಿಲ್ಲ. 700 ದಿರ್ಹಮಿನಲ್ಲಿ ಊಟ, ವಾಸ ಎರಡನ್ನೂ ನಡೆಸುವವನು ಬೆಡ್ ಸ್ಪೇಸಿನಲ್ಲಿರುತ್ತಾನೆ, ಒಂದು ಕೋಣೆಯಲ್ಲಿ ಆರು, ಎಂಟು ಜನ. ಅವನ ಖರ್ಚನ್ನು ಇಡೀ ಮನೆಯ ಬಾಡಿಗೆಯ ದರದಿಂದ ತಿರುಗಿಸುವುದು ಹೇಗೆ? ಹೋಲಿಸುವ ಎರಡು ವಸ್ತುಗಳು ಒಂದೇ ಗುಣಮಟ್ಟದವು ಆಗಿರಬೇಕು ಎಂಬುದು ಪಿಪಿಪಿಯ ಮೊದಲ ನಿಯಮ. ಮಂಚದ ಬಾಡಿಗೆಗೆ ಸಮನಾದದ್ದನ್ನು ಇಲ್ಲಿ ಹುಡುಕಬೇಕೆಂದರೆ ಹೊರರಾಜ್ಯದ ಕೆಲಸದವರು ಸೇರಿ ಉಳಿದುಕೊಳ್ಳುವ ಕೋಣೆಯ ತಲಾ ಬಾಡಿಗೆ ಕೇಳಿ. ಅದನ್ನು ಐದನೇ ಸಾಲಾಗಿ ಸೇರಿಸಿ.

ಅಕ್ಕಿಯಲ್ಲೂ ಇದೇ ತೊಂದರೆ. ನಮ್ಮವರು ತಿನ್ನುವುದು ಕುಚ್ಚಲಕ್ಕಿ. ದುಬೈಯಲ್ಲಿ ಅದು ದೂರದಿಂದ ಬರುವ, ಕೆಲವರೇ ಕೊಳ್ಳುವ ಸಾಮಾನು. ಎರಡೂ ಕಡೆ ಕುಚ್ಚಲಕ್ಕಿಯ ಬೆಲೆಯನ್ನೇ ಹಿಡಿದರೆ ವಸ್ತು ಒಂದೇ ಆಯಿತು, ಆದರೆ ಅಲ್ಲಿನವರ ದಿನದ ಊಟ ಅದಲ್ಲ. ಅಲ್ಲಿನವರು ತಿನ್ನುವ ಅಕ್ಕಿ ಹಿಡಿದರೆ ವಸ್ತು ಬೇರೆ. ದೊಡ್ಡ ಸಮೀಕ್ಷೆಗಳೂ ಇದೇ ಜಗ್ಗಾಟದಲ್ಲಿ ಸಿಕ್ಕಿಕೊಳ್ಳುತ್ತವೆ. 2005ರ ಸುತ್ತಿನಲ್ಲಿ ಚೀನಾದ ಬೆಲೆಗಳನ್ನು 11 ನಗರಗಳಿಂದ ಮಾತ್ರ ತೆಗೆದಿದ್ದರು. ನಗರದ ಬೆಲೆ ಹಳ್ಳಿಗಿಂತ ಮೇಲೆ, ಹಾಗಾಗಿ ಚೀನಾ ಇರುವುದಕ್ಕಿಂತ ಬಡದೇಶವಾಗಿ ಕಂಡಿತು. ಮಕ್ಕಳು ಬೆಲೆ ಬರೆಯುವಾಗ "ಅಕ್ಕಿ" ಎಂದಷ್ಟೇ ಬರೆಯದೆ ಜಾತಿ, ತೂಕ, ಅಂಗಡಿ ದೊಡ್ಡದೋ ಚಿಕ್ಕದೋ, ಯಾವ ತಿಂಗಳು ಎಲ್ಲ ಬರೆಯಲಿ. ಬಂಗುಡೆಯ ಬೆಲೆ ಸೇರಿಸುವುದಿದ್ದರೆ ಮಳೆಗಾಲದ ಟ್ರಾಲಿಂಗ್ ನಿಷೇಧದ ತಿಂಗಳಿನದ್ದು ಹಿಡಿಯಬೇಡಿ.

ದಿರ್ಹಮಿನ ಬಗ್ಗೆ ಇನ್ನೊಂದು ಸಂಗತಿ. ಅದು 1997ರಿಂದ ಡಾಲರಿಗೆ 3.6725ಕ್ಕೆ ಕಟ್ಟಿಹಾಕಿದ ನಾಣ್ಯ. ಸೌದಿ ರಿಯಾಲ್ ಕೂಡ ಹಾಗೆಯೇ, 3.75ಕ್ಕೆ. ಅಲ್ಲಿ ಸಂಬಳ ಒಂದು ದಿರ್ಹಮ್ ಹೆಚ್ಚದಿದ್ದರೂ ರೂಪಾಯಿ ಕುಸಿದ ದಿನ ಊರಿಗೆ ಬರುವ ಹಣ ಹೆಚ್ಚುತ್ತದೆ. ಅದನ್ನು ಸಂಬಳದ ಏರಿಕೆ ಎಂದುಕೊಳ್ಳುವುದು ತಪ್ಪು. ರೂಪಾಯಿ ಕುಸಿದರೆ ಇಲ್ಲಿ ಪೆಟ್ರೋಲು, ಅಡುಗೆ ಎಣ್ಣೆಯ ಬೆಲೆಯೂ ಹಿಂದೆಯೇ ಬರುತ್ತದೆ.

ಸಂಬಳದಿಂದ ಕಳೆಯಬೇಕಾದದ್ದೂ ಇದೆ. ವೀಸಾಕ್ಕೆ, ಏಜೆಂಟಿಗೆ ಕೊಟ್ಟ ಹಣ ಸಾಲವಾಗಿದ್ದರೆ ಅದನ್ನು ಕರಾರಿನ ತಿಂಗಳುಗಳಿಗೆ ಹಂಚಿ ಕಳೆಯಿರಿ. ಉದಾಹರಣೆಗೆ 1,20,000 ರೂಪಾಯಿ ಕೊಟ್ಟು 24 ತಿಂಗಳ ಕರಾರಿಗೆ ಹೋದರೆ ತಿಂಗಳಿಗೆ 5,000 ಅಲ್ಲೇ ಹೋಯಿತು, ಬಡ್ಡಿ ಬೇರೆ. 34,000 ಎಂದದ್ದು 29,000ಕ್ಕೆ ಬಂತು. ಹಣ ಕಳಿಸುವ ಖರ್ಚು ಗಲ್ಫಿನಿಂದ ಭಾರತಕ್ಕೆ ಕಡಿಮೆಯೇ. ಆಫ್ರಿಕದ ದೇಶಗಳಿಗೆ ಕಳಿಸುವವರಿಗೆ ಅದು ದೊಡ್ಡ ಹೊರೆ. 2030ರೊಳಗೆ ಶೇ. 3ಕ್ಕಿಂತ ಕೆಳಗೆ ತರಬೇಕೆಂಬುದು ವಿಶ್ವಸಂಸ್ಥೆಯ ಗುರಿ, ಜಗತ್ತಿನ ಸರಾಸರಿ ಇನ್ನೂ ಅದರ ಎರಡು ಪಟ್ಟಿನ ಆಸುಪಾಸಿನಲ್ಲಿದೆ. 200 ಡಾಲರ್ ಕಳಿಸುವ ಬಡವನಿಂದ 12 ಡಾಲರ್ ಕಿತ್ತುಕೊಳ್ಳುವ ವ್ಯವಸ್ಥೆ ನ್ಯಾಯದ್ದಲ್ಲ.

ಈಗ ಇಲ್ಲಿಯ ಕೂಲಿಗೆ ಹೋಲಿಸಿ. ರಿಸರ್ವ್ ಬ್ಯಾಂಕಿನ ಕೈಪಿಡಿಯಂತೆ 2022-23ರಲ್ಲಿ ಗ್ರಾಮೀಣ ಕಟ್ಟಡ ಕೆಲಸಗಾರನ ದಿನಗೂಲಿ ಕೇರಳದಲ್ಲಿ 852.5 ರೂಪಾಯಿ, ದೇಶದ ಸರಾಸರಿ 393.3, ಮಧ್ಯಪ್ರದೇಶದಲ್ಲಿ 278.7. ತಿಂಗಳಿಗೆ 22 ದಿನ ಕೆಲಸ ಸಿಕ್ಕರೆ ಇಲ್ಲಿ ಸುಮಾರು 18,750, ಮಧ್ಯಪ್ರದೇಶದಲ್ಲಿ 6,130. ಇಲ್ಲಿನ ಮೇಸ್ತ್ರಿಗೆ ಗಲ್ಫಿನ 29,000 ಒಂದೂವರೆ ಪಟ್ಟಿನ ಮಾತು, ಮಧ್ಯಪ್ರದೇಶದವನಿಗೆ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಇನ್ನು ಬಂಗಾಳ, ಒಡಿಶಾ, ಜಾರ್ಖಂಡಿನಿಂದ ಬರುವವರಿಗೆ ಕೇರಳವೇ ಒಂದು ಗಲ್ಫು. ದೇಶ ದೇಶಗಳ ಅಂತರ ಹೇಗೆ ಜನರನ್ನು ಎಳೆಯುತ್ತದೆ ಎಂದು ತೋರಿಸಲು ಬೇರೆ ನಕ್ಷೆ ಬೇಡ, ಕಾಸರಗೋಡು ರೈಲ್ವೆ ಸ್ಟೇಷನ್ ಸಾಕು.

ಕುಂಬಳೆ ಓದುಮನೆ:

ಎಲ್ಲರಿಗೂ ತುಂಬ ಉಪಕಾರ. ಬೆಡ್ ಸ್ಪೇಸಿನ ಸಾಲು ಖಂಡಿತ ಸೇರಿಸುತ್ತೇನೆ. ಇನ್ನೆರಡು ಸಂಶಯ. ಯುಎಇ, ಕತಾರಿನ ತಲಾ ಆದಾಯ ಅಷ್ಟು ಮೇಲಿದೆ, ಅಲ್ಲಿ ದುಡಿಯುವ ನಮ್ಮವರ ಸಂಬಳ ಅದರ ಹತ್ತಿರವೂ ಇಲ್ಲವಲ್ಲ? ಮತ್ತೆ, ದುಡ್ಡನ್ನು ಬಿಟ್ಟು ಆರೋಗ್ಯ, ಶಾಲೆ ಸೇರಿಸಿ ಅಳೆಯುವ ಸೂಚ್ಯಂಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಬಹುದೇ?

ಬೆಲೆಪಟ್ಟಿ:

ಮೊದಲನೆಯದಕ್ಕೆ ಚಿಕ್ಕ ಉತ್ತರ. ಯುಎಇಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೊರಗಿನವರು. ಎಣ್ಣೆಯ ಲಾಭವೂ ಕಂಪನಿಗಳ ಲಾಭವೂ ಅಂಶದಲ್ಲಿವೆ, ಕೂಲಿ ಕೆಲಸಗಾರರೆಲ್ಲ ಛೇದದಲ್ಲಿದ್ದಾರೆ. ಸರಾಸರಿ ಎಂಬುದು ಇಲ್ಲಿ ಯಾರ ಬದುಕೂ ಅಲ್ಲ, ಮಧ್ಯಾಂಕ ಕೇಳಬೇಕು. ಐರ್ಲೆಂಡಿನಲ್ಲಿ ಇನ್ನೊಂದು ಬಗೆ: ಬಹುರಾಷ್ಟ್ರೀಯ ಕಂಪನಿಗಳು ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದರಿಂದ 2015ರಲ್ಲಿ ಜಿಡಿಪಿ ಒಂದೇ ವರ್ಷ ಶೇ. 25ರಷ್ಟು ಏರಿತು. ಅಲ್ಲಿನ ಜನರ ಊಟ ಶೇ. 25 ಹೆಚ್ಚಲಿಲ್ಲ.

ಇದರ ತಿರುವುಮುರುವು ನಮ್ಮಲ್ಲಿದೆ. ಗಲ್ಫಿನಲ್ಲಿ ನೆಲೆಸಿದವರು ಮನೆಗೆ ಕಳಿಸುವ ಹಣ ಜಿಡಿಪಿಯಲ್ಲಿ ಸೇರುವುದಿಲ್ಲ. ಅದು ಇಲ್ಲಿನ ಉತ್ಪಾದನೆಯಲ್ಲ, ವರ್ಗಾವಣೆ. 2023ರ ಕೇರಳ ವಲಸೆ ಸಮೀಕ್ಷೆ ಎಲ್ಲ ಹೊರದೇಶಗಳಿಂದ ಕೇರಳಕ್ಕೆ ಬರುವ ಇಂಥ ಹಣವನ್ನು ವರ್ಷಕ್ಕೆ ಸುಮಾರು 2.17 ಲಕ್ಷ ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದೆ. ಫಲ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಎರಡೂ ಬದಿಯಲ್ಲಿ ಕಾಣುತ್ತದೆ. ತಲಾ ರಾಜ್ಯ ಆದಾಯದಲ್ಲಿ ಕರ್ನಾಟಕ ಕೇರಳಕ್ಕಿಂತ ಮುಂದಿದೆ, ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಆದರೆ 2022-23ರ ಸಮೀಕ್ಷೆಯಲ್ಲಿ ಹಳ್ಳಿಗಳ ತಲಾ ತಿಂಗಳ ಖರ್ಚು ಕೇರಳದಲ್ಲಿ 5,924 ರೂಪಾಯಿ, ಕರ್ನಾಟಕದಲ್ಲಿ 4,397. ದೇಶದ ಹಳ್ಳಿಗಳ ಸರಾಸರಿ 3,773. ಬದುಕಿನ ಮಟ್ಟ ನೋಡಬೇಕಾದರೆ ಉತ್ಪಾದನೆಗಿಂತ ಖರ್ಚಿನ ಅಂಕಿಯೇ ನೆಲಕ್ಕೆ ಹತ್ತಿರ.

ಅಡ್ಕ ಮನೆ ಉತ್ತರಿಸಿದ್ದು:

ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದ ಲೆಕ್ಕ ಪ್ಲಸ್ ಟು ಮಕ್ಕಳಿಗೆ ಕಷ್ಟವಲ್ಲ. 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಮುಂದಾಳತ್ವದಲ್ಲಿ, ಅಮರ್ತ್ಯ ಸೇನ್ ಅವರ ನೆರವಿನಿಂದ ಶುರುವಾದದ್ದು. ಈಗಿನ ವಿಧಾನ 2010ರಿಂದ ಬಂದಿದೆ. ಭಾರತದ 2023ರ ಅಂಕಿಗಳಿಂದ ಮಾಡೋಣ.

ಆಯುಷ್ಯ 72 ವರ್ಷ. ಕೆಳಮಿತಿ 20, ಮೇಲ್ಮಿತಿ 85. (72 − 20) ÷ 65 = 0.80.

ಶಾಲೆಯಲ್ಲಿ ಎರಡು ಅಂಕಿ. ಈಗ ಶಾಲೆಗೆ ಸೇರುವ ಮಗು ಓದಬಹುದಾದ ವರ್ಷ 13, ಅದನ್ನು 18ರಿಂದ ಭಾಗಿಸಿದರೆ 0.722. ದೊಡ್ಡವರು ನಿಜವಾಗಿ ಓದಿದ ಸರಾಸರಿ ವರ್ಷ 6.9, 15ರಿಂದ ಭಾಗಿಸಿದರೆ 0.46. ಎರಡರ ಸರಾಸರಿ 0.591.

ಆದಾಯ ಪಿಪಿಪಿಯಲ್ಲಿ 9,047 ಡಾಲರ್. ಮಿತಿಗಳು 100 ಮತ್ತು 75,000, ಆದರೆ ಲಾಗ್ ತೆಗೆಯಬೇಕು. ಲಾಗ್ (9,047 ÷ 100) ÷ ಲಾಗ್ (75,000 ÷ 100) = 0.68. ಲಾಗ್ ಏಕೆ? ತಿಂಗಳಿಗೆ 5,000 ಇರುವ ಮನೆಗೆ ಮತ್ತೊಂದು 5,000 ಬಂದರೆ ಬದುಕೇ ಬದಲಾಗುತ್ತದೆ, ಐದು ಲಕ್ಷ ಇರುವ ಮನೆಗೆ ಗೊತ್ತೂ ಆಗುವುದಿಲ್ಲ.

ಮೂರನ್ನೂ ಗುಣಿಸಿ ಘನಮೂಲ ತೆಗೆದರೆ 0.685. ವರದಿಯಲ್ಲಿ ಅಚ್ಚಾಗಿರುವುದೂ ಇದೇ, 193 ದೇಶಗಳಲ್ಲಿ 130ನೇ ಸ್ಥಾನ. ತುದಿಯಲ್ಲಿ ಐಸ್‌ಲ್ಯಾಂಡ್ 0.972, ಕೊನೆಯಲ್ಲಿ ದಕ್ಷಿಣ ಸುಡಾನ್ 0.388. ಮೂರರಲ್ಲಿ ನಮ್ಮನ್ನು ಕೆಳಗೆಳೆಯುವುದು ಯಾವುದೆಂದು ಮಕ್ಕಳೇ ಹುಡುಕಲಿ. ಆ 6.9 ವರ್ಷ ಇದೆಯಲ್ಲ, ಅದು ಹಿಂದಿನ ತಲೆಮಾರು ಶಾಲೆಗೆ ಹೋಗಲಾಗದೆ ಹೋದದ್ದರ ಲೆಕ್ಕ. ಇವತ್ತು ಎಷ್ಟು ಶಾಲೆ ಕಟ್ಟಿದರೂ ಆ ಅಂಕಿ ಮೆಲ್ಲನೆ ಮಾತ್ರ ಏರುತ್ತದೆ.

ದುಡ್ಡಿಗೂ ಆರೋಗ್ಯಕ್ಕೂ ನಂಟು ಇದೆ, ಆದರೆ ಸಡಿಲವಾದ ನಂಟು. 2020ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಒಂದು ವರ್ಷ ತುಂಬುವ ಮುಂಚೆ ತೀರಿಹೋದವರು ಕೇರಳದಲ್ಲಿ 6, ಅಮೆರಿಕದಲ್ಲಿ 5.4, ಭಾರತದಲ್ಲಿ 28, ಮಧ್ಯಪ್ರದೇಶದಲ್ಲಿ 43. ಕೇರಳದ ಆದಾಯ ಅಮೆರಿಕದ್ದರ ಒಂದು ಚಿಕ್ಕ ಪಾಲು. ಹೆರಿಗೆ ಆಸ್ಪತ್ರೆಯಲ್ಲಿ ಆಗುವುದು, ತಾಯಂದಿರು ಓದಿರುವುದು, ಚುಚ್ಚುಮದ್ದು, ಹತ್ತಿರದಲ್ಲೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಇವಕ್ಕೆಲ್ಲ ಬೇಕಾದ ಹಣ ದೊಡ್ಡದಲ್ಲ. ಹೃದಯದ ಶಸ್ತ್ರಕ್ರಿಯೆ, ಕ್ಯಾನ್ಸರ್ ಚಿಕಿತ್ಸೆಗೆ ಬಂದಾಗ ಕತೆ ಬೇರೆ. ಯಂತ್ರ, ಔಷಧಿ ಎರಡೂ ವಿನಿಮಯ ದರದಲ್ಲಿ ಬರುವಂಥವು. ರಾಜ್ಯದ ಸರಾಸರಿಯೊಳಗೆ ಜಿಲ್ಲೆಯ ಕೊರತೆಯೂ ಮುಚ್ಚಿಹೋಗುತ್ತದೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳಿಗೆ ದಾರಿಯಿಲ್ಲದಾಯಿತು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶಿಶುಮರಣದ 6 ಎಂಬ ಅಂಕಿಯಲ್ಲಿ ಅದು ಕಾಣುವುದಿಲ್ಲ.

ಚಂದ್ರಗಿರಿ ಬದಿ:

ಅಂತರ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಉಳಿದಿತ್ತು. ಜಗಳ ಹುಟ್ಟುವುದು ಪಟ್ಟಿನಲ್ಲಿ ಅಳೆಯುವವರಿಗೂ ಡಾಲರಿನಲ್ಲಿ ಅಳೆಯುವವರಿಗೂ ನಡುವೆ. ಭಾರತ 10,000, ಅಮೆರಿಕ 82,000 ಎಂದಿಟ್ಟುಕೊಳ್ಳಿ. ನಾವು ತಲೆಗೆ ವರ್ಷಕ್ಕೆ ಶೇ. 6, ಅವರು ಶೇ. 2 ಬೆಳೆದರೆ ನಮ್ಮ ಏರಿಕೆ 600 ಡಾಲರ್, ಅವರದ್ದು 1,640. 8.2 ಪಟ್ಟು ಇದ್ದದ್ದು 7.9 ಆಯಿತು, ಆದರೆ 72,000 ಇದ್ದ ಅಂತರ 73,040 ಆಯಿತು. ಎರಡು ಮಾತೂ ನಿಜ! ಇದೇ ವೇಗ ತಪ್ಪದೆ ನಡೆದರೆ ಡಾಲರಿನ ಅಂತರ ಇಳಿಯಲು ಶುರುವಾಗುವುದು ಸುಮಾರು 26 ವರ್ಷಗಳ ಮೇಲೆ, ಸರಿಸಮವಾಗುವುದು ಸುಮಾರು 55 ವರ್ಷಕ್ಕೆ. ಬೆಳವಣಿಗೆ ಶೇ. 4 ಮಾತ್ರ ಆದರೆ 55ರ ಬದಲು 108 ವರ್ಷ. ತಲೆಗೆ ಶೇ. 6 ಅನ್ನು ಅಷ್ಟು ದಶಕ ಉಳಿಸಿಕೊಂಡ ದೇಶಗಳು ಬಹಳ ಕಡಿಮೆ ಎಂಬುದನ್ನೂ ಹೇಳಿ.

ಇನ್ನೊಂದು ಜಗಳ ತೂಕದ್ದು. ಪ್ರತಿ ದೇಶಕ್ಕೂ ಒಂದೊಂದು ಅಂಕ ಕೊಟ್ಟು ಅಳೆದರೆ 140 ಕೋಟಿಯ ಭಾರತವೂ ಕೆಲವು ಲಕ್ಷ ಜನರ ಮಾಲ್ಡೀವ್ಸೂ ಸಮ. ಹಾಗೆ ಅಳೆದಾಗ 1980ರಿಂದ 2000ರವರೆಗೆ ಆಫ್ರಿಕದ ಹಲವು ದೇಶಗಳು ಹಿಂದೆ ಬಿದ್ದದ್ದರಿಂದ ಅಂತರ ಹೆಚ್ಚಿತು. ಜನಸಂಖ್ಯೆಯ ತೂಕ ಕೊಟ್ಟರೆ ಚೀನಾ, ಆಮೇಲೆ ಭಾರತ ಬೆಳೆದದ್ದರಿಂದ ಇಳಿಯಿತು. ದೇಶಗಳ ಗೆರೆ ಅಳಿಸಿ ಜಗತ್ತಿನ ಎಲ್ಲ ಜನರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಮೂರನೆಯ ಬಗೆ. ಹಾಗೆ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೋವಿಚ್ ಕಂಡದ್ದು ಇದು: ಒಬ್ಬನ ಆದಾಯದ ಏರುಪೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವನು ಯಾವ ದೇಶದಲ್ಲಿದ್ದಾನೆ ಎಂಬುದರಿಂದಲೇ ತೀರ್ಮಾನವಾಗುತ್ತದೆ. ಅವನ ದುಡಿಮೆ, ಓದು, ಜಾಣತನ ಎಲ್ಲ ಆಮೇಲೆ. ಒಂದೇ ಗಾರೆ ಕೆಲಸ, ಒಂದೇ ಕೈ, ವಿಮಾನ ಇಳಿದ ಮರುದಿನ ಬೇರೆ ಕೂಲಿ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ನೋವಿನ ಅಂಕಿ ಇದು.

ಹೊಸ ಗೆರೆಯ ಕೆಳಗೆ 2025ರಲ್ಲಿ ಜಗತ್ತಿನಲ್ಲಿ ಸುಮಾರು 80 ಕೋಟಿ ಜನ ಇದ್ದಾರೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ಸಹಾರಾದ ದಕ್ಷಿಣದ ಆಫ್ರಿಕದವರು. ಏಷ್ಯಾದ ಇಳಿಕೆಯನ್ನು ನೋಡಿ ಕೆಲಸ ಮುಗಿಯಿತು ಎನ್ನುವಂತಿಲ್ಲ.

ಕುಂಬಳೆ ಓದುಮನೆ:

ಮಕ್ಕಳು ಇನ್ನೊಂದು ಕೇಳಿಯೇ ಕೇಳುತ್ತಾರೆ. 2025ರ ನವೆಂಬರ್ 1ರಂದು ಕೇರಳವನ್ನು ಕಡುಬಡತನ ಮುಕ್ತ ಎಂದು ಘೋಷಿಸಿದರು. ಅದು ಈ 3 ಡಾಲರಿನ ಗೆರೆಯ ಲೆಕ್ಕವೇ?

ಅಡ್ಕ ಮನೆ:

ಅಲ್ಲ. ಅದು ಗೆರೆ ಹಾಕಿ ಎಣಿಸಿದ್ದಲ್ಲ, ಮನೆ ಹುಡುಕಿ ಪಟ್ಟಿ ಮಾಡಿದ್ದು. ಆಹಾರ, ಆರೋಗ್ಯ, ಆದಾಯ, ವಸತಿ ಎಂಬ ನಾಲ್ಕು ಕೊರತೆಗಳನ್ನು ಹಿಡಿದು ಸ್ಥಳೀಯ ಸಂಸ್ಥೆಗಳ ಮೂಲಕ 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದು ಮನೆಗೂ ಬೇರೆ ಯೋಜನೆ ಮಾಡಿದರು: ಕೆಲವರಿಗೆ ರೇಷನ್ ಕಾರ್ಡು, ಕೆಲವರಿಗೆ ಔಷಧಿ, ಕೆಲವರಿಗೆ ಮನೆ. ಪಟ್ಟಿಯ ಬಲ ಅಂದರೆ ಯಾರಿಗೆ ಏನು ಬೇಕೆಂದು ಗೊತ್ತಾಗುತ್ತದೆ. ಅದರ ದೌರ್ಬಲ್ಯ ಅಂದರೆ ಪಟ್ಟಿಯಿಂದ ಬಿಟ್ಟುಹೋದವರು ಲೆಕ್ಕಕ್ಕೇ ಬರುವುದಿಲ್ಲ. ಗೆರೆಯದ್ದು ಉಲ್ಟಾ. ಅದು ಎಷ್ಟು ಜನ ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ.

ತರಗತಿಗೆ ಇನ್ನೂ ಸಮಯ ಉಳಿದರೆ ಬಹು ಆಯಾಮದ ಬಡತನದ ಹತ್ತು ಪ್ರಶ್ನೆಗಳನ್ನು ಮಾಡಿಸಿ. ಪೌಷ್ಟಿಕತೆ, ಮಕ್ಕಳ ಸಾವು, ಓದಿದ ವರ್ಷ, ಶಾಲಾ ಹಾಜರಿ ಈ ನಾಲ್ಕಕ್ಕೆ ತಲಾ ಆರನೇ ಒಂದು ಅಂಕ. ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ಕರೆಂಟು, ಮನೆ, ಸಾಮಾನು ಈ ಆರಕ್ಕೆ ತಲಾ ಹದಿನೆಂಟನೇ ಒಂದು. ಕೊರತೆಗಳ ಮೊತ್ತ ಮೂರನೇ ಒಂದು ಮುಟ್ಟಿದರೆ ಆ ಮನೆ ಬಡಮನೆ. ಮಕ್ಕಳ ಸ್ವಂತ ಮನೆಯ ಮೇಲೆ ಮಾತ್ರ ಮಾಡಿಸಬೇಡಿ, ಪಕ್ಕದಲ್ಲಿ ಕುಳಿತವನ ಎದುರು ಯಾವ ಮಗುವೂ ತಲೆ ತಗ್ಗಿಸುವಂತಾಗಬಾರದು. ನೀವೇ ಮೂರು ಕಾಲ್ಪನಿಕ ಮನೆಗಳ ವಿವರ ಬರೆದು ಚೀಟಿ ಹಂಚಿ. ಒಂದು ಮನೆಗೆ ಗಲ್ಫಿನ ಹಣ ಬರುತ್ತಿರಲಿ, ಆದರೆ ಬಾವಿಯ ನೀರು ಬೇಸಿಗೆಯಲ್ಲಿ ಬತ್ತಲಿ.